ತೊಗರಿ ಚೀಲ ಕದ್ದವನಿಗೆ ಶಿಕ್ಷೆ ಯಾತಕ್ಕ: ಹೆದರಿಸಲಿಕ್ಕೋ, ತಿದ್ದಲಿಕ್ಕೋ?

ಬಿಸಿಲೂರು (ಕಲಬುರಗಿ)

ಎಲ್‌ಎಲ್‌ಬಿ ಪರೀಕ್ಷೆಗೆ ಶಿಕ್ಷೆಯ ಸಿದ್ಧಾಂತ ಅಂತ ಐದು ಓದಿಸ್ತಾರ: ಪ್ರತೀಕಾರ, ಹೆದರಿಕೆ, ತಡೆ, ಸುಧಾರಣೆ, ಪರಿಹಾರ. ಆದರ ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪು ತೆರೆದು ನೋಡಿದ್ರ ಕೊನೀ ಪುಟದಾಗ ಒಂದೇ ಸಾಲು ಇರ್ತದ, ‘ಅಪರಾಧದ ಸ್ವರೂಪ ಮತ್ತು ಗಾಂಭೀರ್ಯವನ್ನು ಪರಿಗಣಿಸಿ’ ಅಂತ. ಐದರಾಗ ಯಾವ ಉದ್ದೇಶಕ್ಕ ಈ ಶಿಕ್ಷೆ ಅಂತ ಯಾರೂ ಬರೆಯಂಗಿಲ್ಲ. ಒಂದು ಉದಾಹರಣೆ ಇಟ್ಕೊಂಡು ಬಿಡಿಸಿ ಹೇಳ್ರಿ: 20 ವರ್ಷದ ಹುಡುಗ, ಎಪಿಎಂಸಿ ಯಾರ್ಡಿನಿಂದ 50 ಕೆಜಿ ತೊಗರಿ ಚೀಲ ಕದ್ದಾನ. ಚೀಲ ಸಿಕ್ಕದ, ಹಿಂದ ಯಾವ ಶಿಕ್ಷೆನೂ ಆಗಿಲ್ಲ. ಇವನಿಗೆ ಏನು ಆಗ್ಬೇಕು, ಯಾಕ ಆಗ್ಬೇಕು? ಆ ‘ಯಾಕ’ ಕಾನೂನಿನಾಗ ಎಲ್ಲಿ ಅದ?

ಕಾರಂಜಾ ದಂಡೆ (ಬೀದರ್)

ಒಂದೇ ಕಡೆ ಎಲ್ಲೂ ಇಲ್ಲ. ಇಂಗ್ಲೆಂಡಿನಲ್ಲಿ 2020ರ ಶಿಕ್ಷಾ ಕಾಯ್ದೆಯ 57ನೇ ಕಲಂ ಐದು ಉದ್ದೇಶಗಳನ್ನು ಹೆಸರಿಸಿ, ಶಿಕ್ಷೆ ಕೊಡುವ ಕೋರ್ಟು ಇವನ್ನು ನೋಡಲೇಬೇಕು ಅನ್ನುತ್ತದೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 4ನೇ ಕಲಂ ಶಿಕ್ಷೆಯ ಬಗೆಗಳನ್ನು ಮಾತ್ರ ಹೇಳುತ್ತದೆ: ಮರಣದಂಡನೆ, ಜೀವಾವಧಿ, ಕಠಿಣ ಅಥವಾ ಸಾದಾ ಸಜೆ, ಆಸ್ತಿ ಮುಟ್ಟುಗೋಲು, ದಂಡ, ಮತ್ತು ಹೊಸದಾಗಿ ಸಮುದಾಯ ಸೇವೆ. ಯಾತಕ್ಕೆ ಅಂತ ಒಂದಕ್ಷರ ಇಲ್ಲ. ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಶಿಕ್ಷೆಯ ಮಾರ್ಗಸೂಚಿ ಬೇಕು ಅಂದಿತ್ತು. 2008ರಲ್ಲಿ ಪ್ರೇಮ್ ಸಾಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ನಮ್ಮಲ್ಲಿ ಅಂಥದ್ದು ಇಲ್ಲ ಅಂತ ಹೇಳಿತು. ಕಾಯ್ದೆ ಬದಲಾದಾಗಲೂ ಬರಲಿಲ್ಲ.

ಹಾಗಾಗಿ ಉದ್ದೇಶವನ್ನು ಚದುರಿದ ಕಲಂಗಳಿಂದ ಹೆಕ್ಕಿಕೊಳ್ಳಬೇಕು. ಕನಿಷ್ಠ ಶಿಕ್ಷೆ ಇಟ್ಟ ಕಡೆ ಶಾಸಕಾಂಗ ಹೆದರಿಕೆಯನ್ನು ಆರಿಸಿಕೊಂಡಿದೆ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ, ಅಂದರೆ ಅಪರಾಧಿಯನ್ನು ಜೈಲಿಗೆ ಹಾಕದೆ ಸನ್ನಡತೆಯ ಮೇಲೆ ಬಿಡುವ ಕಾಯ್ದೆಯಲ್ಲಿ, ಸುಧಾರಣೆ ಇದೆ. ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 395ರಲ್ಲಿ ಪರಿಹಾರ ಇದೆ. ನಿಮ್ಮ ಹುಡುಗನ ವಿಷಯದಲ್ಲಿ ಇವುಗಳ ನಡುವೆ ಆಯ್ಕೆ ನಡೆಯುವುದು ಸಿದ್ಧಾಂತದ ಮೇಲಲ್ಲ, ಪೊಲೀಸರು ಪಂಚರ ಮುಂದೆ ಸ್ಥಳ ಮತ್ತು ಮಾಲು ನೋಡಿ ಬರೆಯುವ ಪಂಚನಾಮೆಯ ಮೇಲೆ.

ಶಹಾಬಾದ್ ಕಲ್ಲು (ಕಲಬುರಗಿ, ಸರ್ಕಾರಿ ಅಭಿಯೋಜನೆ)

ಸಾಹೇಬ್ರು ಅಂದಿದ್ದು ಖರೇ ಅದ. ಚೀಲ ಎಲ್ಲಿಂದ ಎತ್ತ್ಯಾನ ಅನ್ನೋದರ ಮ್ಯಾಲೇ ಅರ್ಧ ತೀರ್ಮಾನ ಆಗಿಬಿಡ್ತದ. ಬಿಡಿಸಿ ಬರೀತೀನಿ.

ಬಯಲು ಕಟ್ಟಿ ಮ್ಯಾಲಿನ ರಾಶಿಯಿಂದ ಎತ್ತಿದ್ರ ಅದು ಬಿಎನ್‌ಎಸ್ 303(2). ಅಲ್ಲಿ ಒಂದು ಪರಂತುಕ (ಕಲಮಿಗೆ ಹಚ್ಚಿದ ವಿನಾಯಿತಿ) ಅದ: ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮಿ ಇರಬೇಕು, ಮೊದಲ ಸಲ ದೋಷಿ ಅಂತ ತೀರ್ಮಾನ ಆಗಿರಬೇಕು, ಮಾಲು ಅಥವಾ ಅದರ ಬೆಲೆ ವಾಪಸ್ ಆಗಿರಬೇಕು. ಮೂರೂ ಇದ್ರ ಶಿಕ್ಷೆ ಸಮುದಾಯ ಸೇವೆ. ‘ಕೊಡಬಹುದು’ ಅಂತಿಲ್ಲ, ಕೊಡತಕ್ಕದ್ದು ಅಂತದ.

ಅದೇ ಚೀಲ ಗೋಡೌನಿನ ಒಳಗಿಂದ ಹೋಗಿದ್ರ ಕಲಂ 305. ಮಾಲು ಇಡಲಿಕ್ಕ ಬಳಸೋ ಕಟ್ಟಡದೊಳಗಿನ ಕಳವು, ಏಳು ವರ್ಷದ ತನಕ ಸಜೆ. ನಿಂತ ಟೆಂಪೋದಿಂದ ಇಳಿಸಿಕೊಂಡು ಹೋದ್ರೂ 305. ಹುಡುಗ ಅದೇ ಅಡತಿ ಅಂಗಡಿಯ ಸಂಬಳದ ಆಳಾಗಿದ್ದು ಮಾಲಕನ ಮಾಲು ಕದ್ದಿದ್ರ 306, ಅದಕ್ಕೂ ಏಳು ವರ್ಷ. ಈ ಎರಡೂ ಕಲಂಗಳಿಗೆ ಸಮುದಾಯ ಸೇವೆಯ ಪರಂತುಕ ಇಲ್ಲ. ಹತ್ತು ಹೆಜ್ಜೆ ಅಂತರದಾಗ ಶಿಕ್ಷೆಯ ಉದ್ದೇಶಾನೇ ಬದಲಾಗ್ತದ ನೋಡ್ರಿ. ಗೋಡೆ ಇಲ್ಲದ ತಗಡಿನ ಶೆಡ್ ಆದ್ರ ಅದು ಕಟ್ಟಡ ಹೌದೋ ಅಲ್ಲೋ ಅಂತ ವಾದಕ್ಕ ಜಾಗ ಅದ. ಅದಕ್ಕೇ ಸ್ಥಳ ಪಂಚನಾಮೆಯ ನಕಾಶೆದಾಗ ಗೋಡಿ, ಬಾಗಿಲು, ಕೀಲಿ ಬರೆದಾರೋ ಇಲ್ಲೋ ಅನ್ನೋದನ್ನ ಮೊದಲು ನೋಡ್ಬೇಕು.

ಇನ್ನ ಬೆಲೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಇತ್ತು. ಆ ಲೆಕ್ಕಕ್ಕ 50 ಕೆಜಿಗೆ 3,775, ಪರಂತುಕದ ಒಳಗ ಬರ್ತದ. ಪ್ಯಾಟಿ ದರ ಕ್ವಿಂಟಲಿಗೆ 10,000 ಮುಟ್ಟಿದ ದಿನ ಕದ್ದಿದ್ರ ಬರೋಬ್ಬರಿ 5,000, ಅಂದ್ರ ‘ಕಡಿಮೆ’ ಅಲ್ಲ, ಹೊರಗ ಬೀಳ್ತದ. ಪಂಚನಾಮೆದಾಗ ‘ಅಂದಾಜು ಬೆಲೆ 5,000’ ಅಂತ ದುಂಡಗೆ ಬರೆಯೋ ಚಾಳಿ ಅದ. ಆ ದುಂಡು ಅಂಕಿ ಒಬ್ಬನ್ನ ಜೈಲಿಗಿ ಕಳಿಸಬಹುದು. ಕಳುವಿನ ದಿನದ ಎಪಿಎಂಸಿ ದರಪಟ್ಟಿ ಮತ್ತು ತೂಕದ ಚೀಟಿ ತರಿಸಿ ಕೋರ್ಟಿನಾಗ ಸಾಕ್ಷ್ಯ ಅಂತ ಗುರುತು ಮಾಡಿಸ್ಬೇಕು. ಖಾಲಿ ಗೋಣಿಚೀಲದ ತೂಕ ಕಳೀಲಿಕ್ಕ ಮರೀಬ್ಯಾಡ್ರಿ.

ಕಳುವು ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚಿನದಾಗಿದ್ರ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 379. ಅಲ್ಲಿ ಸಮುದಾಯ ಸೇವೆ ಅನ್ನೋದೇ ಇಲ್ಲ.

ಬಿದ್ರಿ ಹೂಜಿ (ಬೀದರ್)

ಸರ್, 305 ಹತ್ತಿದ ಮೇಲೆ ಹುಡುಗನ ಕತೆ ಮುಗಿದಂತೆಯೇ?

ಕಾರಂಜಾ ದಂಡೆ

ಇಲ್ಲ. ಸಮುದಾಯ ಸೇವೆಯ ಬಾಗಿಲು ಮುಚ್ಚಿದರೂ ಪ್ರೊಬೇಷನ್ ಕಾಯ್ದೆ ತೆರೆದೇ ಇರುತ್ತದೆ. ಅದರ 3ನೇ ಕಲಮಿನಲ್ಲಿ ಐಪಿಸಿ 379, 380, 381, 404, 420 ಹೆಸರು ಹಿಡಿದೇ ಬರೆದಿದ್ದಾರೆ. ಇಂದಿನ 305 ಅಂದರೆ ಹಳೆಯ 380. ರದ್ದಾದ ಕಾಯ್ದೆಯ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾಯ್ದೆಗೆ ಓದಿಕೊಳ್ಳಬೇಕು ಅನ್ನುವುದು ಸಾಮಾನ್ಯ ಖಂಡಗಳ ಕಾಯ್ದೆಯ 8ನೇ ಕಲಂ. ಹಿಂದಿನ ಶಿಕ್ಷೆ ಸಾಬೀತಾಗದಿದ್ದರೆ ಬುದ್ಧಿ ಹೇಳಿ ಬಿಡುವ ಅಧಿಕಾರ ಕೋರ್ಟಿಗೆ ಇದೆ. ಅಷ್ಟು ಸಾಲದು ಅನ್ನಿಸಿದರೆ 4ನೇ ಕಲಂ: ಸನ್ನಡತೆಯ ಮುಚ್ಚಳಿಕೆ, ಗರಿಷ್ಠ ಮೂರು ವರ್ಷ. ಮೇಲ್ವಿಚಾರಣೆ ಹಾಕಿದರೆ ಅದು ಒಂದು ವರ್ಷಕ್ಕೆ ಕಡಿಮೆ ಇರಬಾರದು.

ನಿಮ್ಮ ಹುಡುಗನಿಗೆ ಇನ್ನೂ ಬಲವಾದದ್ದು 6ನೇ ಕಲಂ. 21 ವರ್ಷದೊಳಗಿನವನನ್ನು, ಅಪರಾಧ ಜೀವಾವಧಿಯದ್ದಲ್ಲದಿದ್ದರೆ, ಜೈಲಿಗೆ ಕಳಿಸಲೇಬಾರದು. ಕಳಿಸುವುದಾದರೆ 3 ಮತ್ತು 4 ಯಾಕೆ ಬೇಡ ಅನ್ನುವುದಕ್ಕೆ ಕಾರಣ ಬರೆಯಬೇಕು, ಅದಕ್ಕೂ ಮೊದಲು ಪ್ರೊಬೇಷನ್ ಆಫೀಸರ್ ವರದಿ ತರಿಸಬೇಕು. ಇಲ್ಲೊಂದು ಪೇಚು: ವಯಸ್ಸು ಲೆಕ್ಕಕ್ಕೆ ಬರುವುದು ಕಳವಿನ ದಿನದ್ದಲ್ಲ, ವಿಚಾರಣಾ ಕೋರ್ಟು ಶಿಕ್ಷೆಯ ಬಗ್ಗೆ ತೀರ್ಮಾನ ಕೊಡುವ ದಿನದ್ದು. ರಾಮ್‌ಜಿ ಮಿಸ್ಸರ್ ಪ್ರಕರಣದಿಂದ ಇದು ನಿಂತ ಕಾನೂನು. ಪೇಶಿ ಮೇಲೆ ಪೇಶಿ ತಗೊಂಡು ಕೇಸು ಎರಡು ವರ್ಷ ಎಳೆದರೆ ಹುಡುಗನಿಗೆ 22 ಆಗುತ್ತದೆ, 6ನೇ ಕಲಂ ಕೈ ಬಿಟ್ಟು ಹೋಗುತ್ತದೆ. ವಾಯಿದೆ ಕೇಳುವುದೇ ವಕೀಲಿಕೆ ಅಂದುಕೊಂಡವರು ಈ ಲೆಕ್ಕ ಹಾಕುವುದಿಲ್ಲ.

ಸುರಪುರ ಸೀಮೆ (ಯಾದಗಿರಿ, ಪ್ರೊಬೇಷನ್ ಕೆಲಸ)

ವರದಿಯ ಬಗ್ಗೆ ಒಂದು ಮಾತು. ಅದರಲ್ಲಿ ಮನೆಯ ಸ್ಥಿತಿ, ಓದು, ಕೆಲಸ, ಚಟ, ಸಹವಾಸ, ಊರಲ್ಲಿ ಹೆಸರು, ಅಪರಾಧದ ಸಂದರ್ಭ ಇವೆಲ್ಲ ಬರಬೇಕು. ಕೆಡುವುದು ಎಲ್ಲಿ ಅಂದರೆ, ವಿಳಾಸ ಎಫ್‌ಐಆರ್‌ನದು, ವಿಚಾರಿಸಲಿಕ್ಕೆ ಹೋಗುವುದು ಸುಗ್ಗಿ ಮುಗಿದ ಮೇಲೆ. ಅಷ್ಟೊತ್ತಿಗೆ ಮನೆಮಂದಿ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ. ವರದಿಯಲ್ಲಿ ‘ಮನೆಗೆ ಬೀಗ, ನೆರೆಯವರಿಂದ ಮಾಹಿತಿ ಇಲ್ಲ’ ಅಂತ ಬರುತ್ತದೆ. ಓದಿದ ನ್ಯಾಯಾಧೀಶರಿಗೆ ಇವನು ನೆಲೆ ಇಲ್ಲದವನು ಅನ್ನಿಸಿದರೆ ತಪ್ಪೇನು?

4ನೇ ಕಲಂ ಪ್ರಕಾರ ಅಪರಾಧಿಗೆ ಅಥವಾ ಅವನ ಜಾಮೀನುದಾರನಿಗೆ ಖಾಯಂ ವಾಸ ಅಥವಾ ಕಾಯಂ ಕಸುಬು ಇರಬೇಕು. ‘ಅಥವಾ ಜಾಮೀನುದಾರನಿಗೆ’ ಅನ್ನುವುದನ್ನು ಬಹಳ ಮಂದಿ ಓದುವುದೇ ಇಲ್ಲ. ಹುಡುಗ ಗುಳೆ ಹೋಗುವವನಾದರೂ ಸೋದರಮಾವ ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದರೆ ಅವನ ಪಹಣಿ ಸಾಕು. ಅದರ ಜೊತೆ ರೇಷನ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಮನೆ ತೆರಿಗೆ ರಸೀದಿ, ಶಾಲೆಯ ಟಿಸಿ ಇಡಿ. ವಯಸ್ಸಿಗೆ ಆ ಟಿಸಿಯೇ ಆಧಾರ.

ವರದಿ ಗೋಪ್ಯ ಅಂತ 7ನೇ ಕಲಂ ಹೇಳುತ್ತದೆ, ನಿಜ. ಆದರೆ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ತನ್ನ ಪರ ಸಾಕ್ಷ್ಯ ಕೊಡಲು ಅವಕಾಶ ಕೊಡುವ ಅಧಿಕಾರವೂ ಅಲ್ಲೇ ಇದೆ. ‘ಮನೆಗೆ ಬೀಗ’ ಅಂತ ಬಂದ ದಿನವೇ ಇದನ್ನು ಕೇಳಿ.

ಮುಚ್ಚಳಿಕೆಯ ಷರತ್ತಿನಲ್ಲಿ ‘ಕೋರ್ಟಿನ ಅನುಮತಿ ಇಲ್ಲದೆ ಜಿಲ್ಲೆ ಬಿಡಬಾರದು’ ಅಂತ ಕಣ್ಣು ಮುಚ್ಚಿ ಹಾಕಿಸಿಕೊಂಡರೆ ಗುಳೆ ಹೋದ ಮೊದಲ ತಿಂಗಳಲ್ಲೇ ಷರತ್ತು ಮುರಿದಂತೆ. ಆಮೇಲೆ 9ನೇ ಕಲಂ ಕೆಳಗೆ ವಾರಂಟ್ ಬರುತ್ತದೆ, ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ತಿದ್ದಲಿಕ್ಕೆ ಹಾಕಿದ ಷರತ್ತು ದುಡಿಮೆ ತಪ್ಪಿಸಬಾರದು. ಕೆಲಸದ ಊರಿನ ವಿಳಾಸ ಮತ್ತು ಫೋನ್ ನಂಬರ್ ತಿಳಿಸಿ ಹೋಗುವ ಷರತ್ತು ಕೇಳಿ.

ಗಂಜ್ ಅಡತಿ (ಕಲಬುರಗಿ)

ಎಲ್ಲಾ ಹುಡುಗನ ಕಡಿನೇ ಮಾತಾಡ್ಲಿಕ್ಕತ್ತೀರಿ. ಚೀಲದ ಮಾಲಕನಿಗಿ ಏನು? ಹಿಂಗ ಬುದ್ಧಿ ಹೇಳಿ ಬಿಡ್ತಾ ಹೋದ್ರ ಯಾರ್ಡಿನಾಗ ನಾಳೆ ಹತ್ತು ಚೀಲ ಹೋಗ್ತಾವ. ಹೆದರಿಕಿ ಅನ್ನೋದು ಬ್ಯಾಡೇನು?

ಶಹಾಬಾದ್ ಕಲ್ಲು

ಕೇಳಿದ್ದು ನ್ಯಾಯ ಅದ ಸಾಹುಕಾರ್ರ. ಮೊದಲು ಚೀಲದ ಮಾತು. ಮುದ್ದೆಮಾಲು, ಅಂದ್ರ ಕೇಸಿನಾಗ ಜಪ್ತಿ ಮಾಡಿದ ಮಾಲು, ತೀರ್ಪಿನ ತನಕ ಠಾಣೆದಾಗ ಬಿದ್ದಿದ್ರ ತೊಗರಿಗೆ ಹುಳ ಬೀಳ್ತದ. ಬಿಎನ್‌ಎಸ್‌ಎಸ್ 497ರ ಕೆಳಗ ಅರ್ಜಿ ಹಾಕ್ರಿ. ಮಾಲು ಕೋರ್ಟಿನ ಮುಂದ ಬಂದ 14 ದಿನದೊಳಗ ಅದರ ವಿವರ ಬರೆಸಿ, ಫೋಟೊ ಅಥವಾ ವಿಡಿಯೋ ಮಾಡಿಸಿ, ಆಮ್ಯಾಗ 30 ದಿನದೊಳಗ ವಿಲೇವಾರಿ ಆದೇಶ ಮಾಡ್ಬೇಕು. ಫೋಟೊನೇ ಸಾಕ್ಷ್ಯಕ್ಕ ನಡೀತದ. ಖರೀದಿ ಪಾವತಿ, ರೈತನ ಹೆಸರಿನ ಲಾಟ್ ಚೀಟಿ ಜೊತಿಗಿ ಇಡ್ರಿ. ಇಲ್ಲಂದ್ರ ‘ಇದು ನಿಮ್ಮದೇ ಚೀಲ ಅಂತ ಹೆಂಗ ಹೇಳ್ತೀರಿ’ ಅನ್ನೋ ಪ್ರಶ್ನೆಗಿ ಉತ್ತರ ಇರಂಗಿಲ್ಲ.

ನಷ್ಟ ಆಗಿದ್ರ ಪ್ರೊಬೇಷನ್ ಕೊಟ್ಟಾಗ್ಯೂ ಆ ಕಾಯ್ದೆಯ 5ನೇ ಕಲಂ ಪ್ರಕಾರ ಪರಿಹಾರ ಮತ್ತು ಖರ್ಚು ಕೊಡಿಸಬಹುದು. ಸಜೆ ಅಥವಾ ದಂಡ ಹಾಕಿದ್ರ ಬಿಎನ್‌ಎಸ್‌ಎಸ್ 395. ದಂಡ ಹಾಕಿದ್ರ ಆ ದಂಡದೊಳಗಿಂದ, ದಂಡ ಹಾಕದಿದ್ರ ಬ್ಯಾರೆ ಮೊತ್ತ. ಎರಡನ್ನೂ ಕಲಸಿ ಆದೇಶ ಬರೆದ್ರ ಅಪೀಲಿನಾಗ ನಿಲ್ಲಂಗಿಲ್ಲ. ಪರಿಹಾರದ ಪ್ರಶ್ನೆ ಯೋಚನಾ ಮಾಡದೇ ಬಿಡೋ ಹಂಗಿಲ್ಲ, ಕಾರಣ ಬರೀಬೇಕು ಅಂತ 2013ರಾಗ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಾಗ ಹೇಳ್ಯಾರ. ಆದರ ಫಿರ್ಯಾದಿ ಅಥವಾ ಅವರ ವಕೀಲರು ನಷ್ಟದ ಕಾಗದ ಇಡದಿದ್ರ ಯಾವ ಮೊತ್ತ ಬರೀಬೇಕು?

ಶಿಕ್ಷೆ ಕಡಿಮಿ ಆಯ್ತು ಅಂತ ಮಾಲಕ ತಾನೇ ಅಪೀಲು ಹಾಕ್ಲಿಕ್ಕ ಬರಂಗಿಲ್ಲ, ಇದು ಗೊತ್ತಿರ್ಲಿ. ಬಾಧಿತರಿಗೆ ಬಿಎನ್‌ಎಸ್‌ಎಸ್ 413 ಕೊಟ್ಟಿರೋದು ಮೂರಕ್ಕ: ಬಿಡುಗಡೆ, ಸಣ್ಣ ಅಪರಾಧಕ್ಕ ಇಳಿಸಿದ್ದು, ಪರಿಹಾರ ಸಾಲದ್ದು. ಶಿಕ್ಷೆ ಹೆಚ್ಚಿಸ್ರಿ ಅನ್ನೋ ಅಪೀಲು 418ರ ಕೆಳಗ ಸರ್ಕಾರದ್ದು ಮಾತ್ರ.

ಹೆದರಿಕಿ ಬಗ್ಗೆ: 1764ರಾಗ ಇಟಲಿಯ ಬೆಕಾರಿಯಾ ಹೇಳಿದ್ದು ಇವತ್ತಿಗೂ ಅದೇ. ಹೆದರಿಸೋದು ಶಿಕ್ಷೆಯ ಭಾರ ಅಲ್ಲ, ಸಿಕ್ಕೇ ಸಿಗ್ತೀನಿ ಅನ್ನೋ ಖಾತ್ರಿ. ಮಟಕಾ ಕೇಸುಗಳನ್ನೇ ನೋಡ್ರಿ. ತಪ್ಪೊಪ್ಪಿಗೆ, ದಂಡ, ಅದೇ ಸಂಜಿಗಿ ಮತ್ತ ಚೀಟಿ. ಬರೆಯೋ ಹುಡುಗನ ದಂಡ ಬುಕ್ಕಿ ಕಟ್ತಾನ, ಅದು ಅವನಿಗಿ ಧಂದೆದ ಖರ್ಚು. ಬುಕ್ಕಿ ತನಕ ತನಿಖೆ ಹೋಗದಿದ್ರ ದಂಡ ಹೆಚ್ಚಿಸಿದ್ರೂ ಅಷ್ಟೇ. ಯಾರ್ಡಿಗಿ ಸಿಸಿ ಕ್ಯಾಮೆರಾ, ರಾತ್ರಿ ಗೇಟಿನಾಗ ಲಾರಿ ಪಾಸು, ಇವೆರಡೂ, ಮೂರು ವರ್ಷದ ಸಜೆಕಿಂತ ಹೆಚ್ಚು ಹೆದರಿಸ್ತಾವ.

ಮರತೂರು ಮಾರ್ಗ (ಕಲಬುರಗಿ)

ನಮ್ಮ ನೆಲದ್ದೇ ಒಂದು ಮಾತು ಸೇರಿಸಬೇಕು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯಲ್ಲಿ ದಂಡ ನಾಲ್ಕು ಬಗೆ: ವಾಗ್ದಂಡ (ಮಾತಿನ ಎಚ್ಚರಿಕೆ), ಧಿಗ್ದಂಡ (ಛೀಮಾರಿ), ಧನದಂಡ, ವಧದಂಡ (ದೇಹಶಿಕ್ಷೆ). ದಂಡ ಹಾಕುವ ಮೊದಲು ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕಸುಬು, ಹಣ ಎಲ್ಲ ತಿಳಿದುಕೊಳ್ಳಬೇಕು ಅಂತಲೂ ಇದೆ. ಪ್ರೊಬೇಷನ್ ವರದಿಯ ಕಾಲಂಗಳು ಇದಕ್ಕಿಂತ ಬಹಳ ಬೇರೆಯೇನಲ್ಲ.

ಬಿದ್ರಿ ಹೂಜಿ

ಕಾಲಂ ಒಂದೇ ಇರಬಹುದು ಅಣ್ಣಾ, ಅದೇ ಸ್ಮೃತಿಗಳಲ್ಲಿ ವರ್ಣ ನೋಡಿ ದಂಡ ಏರಿಸಿ ಇಳಿಸಿದ್ದೂ ಇದೆ. ಈಗ ಲೆಕ್ಕ ಉಲ್ಟಾ ಆಗಿದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಂ ಪ್ರಕಾರ 18 ದಾಟಿದ ಅಪರಾಧಿಗೆ ಪ್ರೊಬೇಷನ್ ಕೇಳುವ ಹಾಗೇ ಇಲ್ಲ. ಇಲ್ಲಿ ಶಾಸಕಾಂಗ ತಿದ್ದುವ ಮಾತಿಗೆ ಜಾಗವನ್ನೇ ಬಿಟ್ಟಿಲ್ಲ.

ಕಾರಂಜಾ ದಂಡೆ

ಹೌದು. ಇಂಥ ಬೇಲಿಗಳು ಗೊತ್ತಿಲ್ಲದೆ ಅರ್ಜಿ ಹಾಕಿ ವಾಪಸ್ ಬರುವವರು ಹೆಚ್ಚು. ನಮ್ಮ ಕಡೆ ಮುಖ್ಯವಾದದ್ದು ಗಾಂಜಾ. ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಸಿಕ್ಕರೂ ಅದು ಮಾದಕ ವಸ್ತುಗಳ ತಡೆಯ ಎನ್‌ಡಿಪಿಎಸ್ ಕಾಯ್ದೆಯ 20(ಎ), ಬೆಳೆದದ್ದು. ಹತ್ತು ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ಒಂದು ಕೆಜಿಯ ಸಣ್ಣ ಪ್ರಮಾಣ, 20 ಕೆಜಿಯ ವಾಣಿಜ್ಯ ಪ್ರಮಾಣ ಅನ್ನುವ ಲೆಕ್ಕ ಇಟ್ಟುಕೊಂಡದ್ದಕ್ಕೆ, ಸಾಗಿಸಿದ್ದಕ್ಕೆ. ಬೆಳೆದದ್ದಕ್ಕೆ ಅಲ್ಲ. ಆ ಕಾಯ್ದೆಯ 33ನೇ ಕಲಂ 18 ದಾಟಿದವರಿಗೆ, 26 ಮತ್ತು 27ನೇ ಕಲಮಿನ ಅಪರಾಧ ಬಿಟ್ಟರೆ, ಪ್ರೊಬೇಷನ್ ತಡೆಯುತ್ತದೆ. ಅಲ್ಲಿ ವಾದ ಮಾಡಬೇಕಾದದ್ದು ಸಜೆಯ ವರ್ಷಗಳ ಮೇಲೆ. ಗಿಡಗಳ ಸಂಖ್ಯೆ, ಹೊಲದ ವಿಸ್ತೀರ್ಣ, ಹೊಲ ಪಾಲಿಗೆ ಕೊಟ್ಟದ್ದೋ ಅನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತವೆ.

ವಾಹನ ಓಡಿಸಿ ಸಾವಿಗೆ ಕಾರಣವಾದ ಕೇಸಿನಲ್ಲಿ ಕಾಯ್ದೆಯ ಬೇಲಿ ಇಲ್ಲ. ಆದರೂ 2000ದ ದಲ್ಬೀರ್ ಸಿಂಗ್ ತೀರ್ಪು ಪ್ರೊಬೇಷನ್ ಬೇಡ ಅನ್ನುತ್ತದೆ, ಹೆದರಿಕೆಯೇ ಅಲ್ಲಿ ಮುಖ್ಯ ಅಂತ.

ಯಾವ ಕನಿಕರದ ಮಾತು ನಡೆಯುವುದಿಲ್ಲ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣ ಇದೆ, ಕರ್ನಾಟಕ ಸರ್ಕಾರ ವಿರುದ್ಧ ಕೃಷ್ಣಪ್ಪ, 2000. ಪುಟ್ಟ ಹುಡುಗಿಯ ಮೇಲೆ ಅತ್ಯಾಚಾರ. ವಿಚಾರಣಾ ಕೋರ್ಟು ಕೊಟ್ಟ ಹತ್ತು ವರ್ಷವನ್ನು ಹೈಕೋರ್ಟು ನಾಲ್ಕಕ್ಕೆ ಇಳಿಸಿತ್ತು. ಅನಕ್ಷರಸ್ಥ, ಕುಡಿತದ ಚಟ, ಮುದಿ ತಾಯಿ, ಹೆಂಡತಿ ಮಕ್ಕಳು ಅಂತ ಕಾರಣ. ಸುಪ್ರೀಂ ಕೋರ್ಟು ಹತ್ತು ವರ್ಷವನ್ನೇ ಮರಳಿಸಿತು. ಕುಡಿತವನ್ನೂ ಬಡತನವನ್ನೂ ಎಲ್ಲ ಕೇಸಿಗೂ ಒಂದೇ ಮಸಾಲೆಯಂತೆ ಹಾಕುವ ಅಭ್ಯಾಸ ಬಿಡಬೇಕು. ಆ ಸಂಗತಿಗೂ ಆ ಅಪರಾಧಕ್ಕೂ ಏನು ಸಂಬಂಧ ಅಂತ ತೋರಿಸದಿದ್ದರೆ ಅದು ಬರೀ ಗೋಳು.

ಬಿಸಿಲೂರು

ಸರ್, ದೋಷಿ ಅಂತ ಹೇಳಿದ ಮ್ಯಾಲ ಶಿಕ್ಷೆ ಬಗ್ಗೆ ಕೇಳ್ತಾರಲ್ಲ, ಅಲ್ಲಿ ಖರೇನೇ ಏನರ ನಡೀತದೇನ್ರಿ?

ಕಾರಂಜಾ ದಂಡೆ

ಸಾಮಾನ್ಯವಾಗಿ ನಡೆಯುವುದು ಇಷ್ಟು: ‘ಏನಾದರೂ ಹೇಳುವುದಿದೆಯೇ?’ ‘ಬಡವ, ದಯೆ ತೋರಿಸಬೇಕು.’ ಅದೇ ಮಧ್ಯಾಹ್ನ ಆದೇಶ. ಸೆಷನ್ಸ್ ಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 258(2), ಮ್ಯಾಜಿಸ್ಟ್ರೇಟರ ವಾರಂಟ್ ಕೇಸಿನಲ್ಲಿ (ಎರಡು ವರ್ಷಕ್ಕಿಂತ ಹೆಚ್ಚಿನ ಸಜೆಯ ಅಪರಾಧ) 271(2) ಶಿಕ್ಷೆಯ ಬಗ್ಗೆ ಕೇಳಲೇಬೇಕು ಅನ್ನುತ್ತವೆ. ಸಂತಾ ಸಿಂಗ್ ಪ್ರಕರಣ 1976ರಲ್ಲೇ ಇದು ಬರೀ ಶಾಸ್ತ್ರ ಅಲ್ಲ, ಕಾಗದ ಮತ್ತು ಸಾಕ್ಷ್ಯ ಇಡುವ ಅವಕಾಶ ಅಂದಿದೆ. ಅದಕ್ಕಿಂತ ಹಗುರವಾದ ಸಮನ್ಸ್ ಕೇಸಿನಲ್ಲಿ ಮಾತ್ರ ಹೀಗೆ ಬೇರೆ ಹಂತ ಇಲ್ಲ. ಅಲ್ಲಿ ಅಂತಿಮ ವಾದದ ಜೊತೆಗೇ ಕಾಗದ ಸೇರಿಸಿಬಿಡಬೇಕು.

ಶಿಕ್ಷೆಯ ಬಗ್ಗೆ ಕೋರ್ಟಿಗೆ ಕೊಡುವ ಮೆಮೊ ಒಂದು ಪುಟ ಸಾಕು. ವಯಸ್ಸು ಮತ್ತು ಅದರ ದಾಖಲೆ, ಜೈಲಿನಲ್ಲಿ ಕಳೆದ ದಿನಗಳು ತಾರೀಕು ಸಮೇತ, ಮಾಲು ವಾಪಸಾದ ಆದೇಶ, ಜಾಮೀನುದಾರನ ಪಹಣಿ, ಪ್ರೊಬೇಷನ್ ಕಾಯ್ದೆಯ ಯಾವ ಕಲಂ ಅನ್ನುವುದು. ಆ ಕಾಯ್ದೆ ಜಾರಿಯಲ್ಲಿರುವ ಕಡೆ ಬಿಎನ್‌ಎಸ್‌ಎಸ್ 401ರ ಹೆಸರು ಹಿಡಿದು ಕೇಳಬೇಡಿ, ಕಾಯ್ದೆಯನ್ನೇ ಹಿಡಿಯಿರಿ. 402ನ್ನು ಮಾತ್ರ ಬಿಡಬೇಡಿ. ಪ್ರೊಬೇಷನ್ ಕೊಡಬಹುದಾದ ಕಡೆ ಕೊಡದಿದ್ದರೆ ವಿಶೇಷ ಕಾರಣ ಬರೆಯಬೇಕು ಅಂತ ಅದು ಹೇಳುತ್ತದೆ. ನೀವು ಕೇಳಿದ್ದೇ ದಾಖಲೆಯಲ್ಲಿ ಇಲ್ಲದಿದ್ದರೆ ಕಾರಣ ಬರೆಯದ್ದನ್ನು ಅಪೀಲಿನಲ್ಲಿ ಹಿಡಿಯುವುದು ಕಷ್ಟ.

‘ಇವನ ಮೇಲೆ ಇನ್ನೂ ಮೂರು ಕೇಸಿವೆ’ ಅಂತ ಅಭಿಯೋಜನೆಯವರು ಅಂದರೆ, ಇತ್ಯರ್ಥವಾಗದ ಕೇಸು ಹಿಂದಿನ ಶಿಕ್ಷೆಯಲ್ಲ. ಬಿಎನ್‌ಎಸ್‌ಎಸ್ 334ನೇ ಕಲಂ ಪ್ರಕಾರ ದೃಢೀಕೃತ ಪ್ರತಿ ಅಥವಾ ಜೈಲಿನ ಪ್ರಮಾಣಪತ್ರ ಬೇಕು, ಅದರಲ್ಲಿರುವವನು ಇವನೇ ಅನ್ನುವ ಸಾಕ್ಷ್ಯವೂ ಬೇಕು. ಜಹೀರಾಬಾದಿನಲ್ಲೋ ಉದಗೀರದಲ್ಲೋ ಶಿಕ್ಷೆಯಾಗಿದೆ ಅಂತ ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ.

ಶಹಾಬಾದ್ ಕಲ್ಲು

ದಂಡದ ಮಾತೂ ಹೇಳಿಬಿಡ್ರಿ, ಬಡವರು ಅಲ್ಲೇ ಸಿಕ್ಕಿ ಬೀಳೋದು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗಿ ಈಗ 50,000ದ ತನಕ ದಂಡ ಹಾಕೋ ಅಧಿಕಾರ ಅದ, ಮೊದಲು 10,000 ಇತ್ತು. ಸಜೆಯ ಅಧಿಕಾರ ಮೂರೇ ವರ್ಷ. 305ರಂಥಾ ಕಲಮಿನಾಗ ದಂಡ ಕಟ್ಟದಿದ್ರ ಅವರು ಹಾಕಬಹುದಾದ ಸಜೆ ಆ ಮೂರು ವರ್ಷದ ಕಾಲುಭಾಗ, ಅಂದ್ರ ಒಂಬತ್ತು ತಿಂಗಳು. ವಿಚಾರಣೆ ಕಾಲದಾಗ ಜೈಲಿನಾಗ ಇದ್ದ ದಿನಗಳನ್ನ ಬಿಎನ್‌ಎಸ್‌ಎಸ್ 468ರ ಕೆಳಗ ಮೂಲ ಸಜೆಯಿಂದ ಕಳೀತಾರ, ದಂಡ ಕಟ್ಟದ ಸಜೆಯಿಂದ ಕಳೆಯಂಗಿಲ್ಲ. ಮೂಲ ಸಜೆ ಮುಗಿದ್ರೂ ದಂಡ ಇಲ್ಲದಕ್ಕ ಒಳಗೇ ಉಳಿಯೋದು ಹಿಂಗ. ಹುಡುಗನ ಕೂಲಿ ನೋಡಿ ದಂಡ ಹಾಕ್ರಿ, ಕಂತು ಕೊಡ್ರಿ ಅಂತ ಅದೇ ಮೆಮೊದಾಗ ಕೇಳ್ಬೇಕು.

ಸಮುದಾಯ ಸೇವೆಯ ಆದೇಶದಾಗ ಜಾಗ, ದಿನಕ್ಕ ಎಷ್ಟು ತಾಸು, ಎಷ್ಟು ದಿನ, ಹಾಜರಿ ಯಾರು ಬರೀತಾರ, ವರದಿ ಯಾವ ತಾರೀಕಿಗಿ, ಇವೆಲ್ಲ ಇರಬೇಕು. ಸಂಹಿತೆ ತಾಸಿನ ಲೆಕ್ಕ ಹೇಳಿಲ್ಲ, ಕೂಲಿ ಇಲ್ಲದ ಸಮಾಜಕ್ಕ ಉಪಯೋಗದ ಕೆಲಸ ಅಂತಷ್ಟೇ ಅದ. ‘ಒಂದು ವಾರ ಆಸ್ಪತ್ರೆಯಲ್ಲಿ ಸೇವೆ’ ಅಂತ ಬರೆದ್ರ ಯಾವ ವಾರ್ಡಿನವರೂ ಅವನ್ನ ಒಳಗ ಬಿಟ್ಕೊಳ್ಳಂಗಿಲ್ಲ. ಕೊನಿಗಿ ಸೇವೆ ತಪ್ಪಿಸ್ಯಾನ ಅಂತ ಅವನ ಮ್ಯಾಲೇ ಬರ್ತದ.

ಗಂಜ್ ಅಡತಿ

ಪ್ರೊಬೇಷನ್ ಆದ್ರ ಹುಡುಗನಿಗಿ ಸರ್ಕಾರಿ ನೌಕರಿ ಹೋಗ್ತದೇನ್ರಿ? ನಮ್ಮ ಕಡಿ ಎಲ್ಲಾ ಹುಡುಗರು ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ಹಿಡ್ಕೊಂಡು ಪರೀಕ್ಷೆ ಬರೀಲಿಕ್ಕತ್ಯಾರ.

ಸುರಪುರ ಸೀಮೆ

ಪ್ರೊಬೇಷನ್ ಕಾಯ್ದೆಯ 12ನೇ ಕಲಂ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ಹತ್ತುವುದಿಲ್ಲ. ಆದರೆ ದೋಷಿ ಅನ್ನುವ ತೀರ್ಮಾನ ಅಳಿಸಿ ಹೋಗುವುದಿಲ್ಲ. ಈಗಾಗಲೇ ನೌಕರಿಯಲ್ಲಿ ಇದ್ದವನ ಮೇಲೆ ಅದೇ ನಡತೆಗೆ ಇಲಾಖೆ ಕ್ರಮ ತಗೊಳ್ಳಬಹುದು ಅಂತ ಬಕ್ಷಿ ರಾಮ್ ಪ್ರಕರಣದಲ್ಲಿ, 1990ರಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬಾರದು. ಪ್ರೊಬೇಷನ್ ಆದೇಶದ ಪ್ರತಿ ಲಗತ್ತಿಸಿ, 12ನೇ ಕಲಮಿನ ಉಲ್ಲೇಖ ಮಾಡಿ. ಆದೇಶದಲ್ಲೇ ‘12ನೇ ಕಲಮಿನ ಅನುಕೂಲ ಅನ್ವಯ’ ಅಂತ ಒಂದು ಸಾಲು ಬರೆಸಿಕೊಂಡರೆ ಮುಂದೆ ಓಡಾಟ ಕಡಿಮೆ.

ಬಿಸಿಲೂರು

ಜೀವಾವಧಿ ಅಂದ್ರ 14 ವರ್ಷ ಅಂತ ಹೇಳ್ತಾರಲ್ಲ, ಅದು?

ಕಾರಂಜಾ ದಂಡೆ

ತಪ್ಪು ತಿಳಿವಳಿಕೆ. ಗೋಪಾಲ ಗೋಡ್ಸೆ ಪ್ರಕರಣದ 1961ರ ತೀರ್ಪಿನಿಂದಲೂ ಜೀವಾವಧಿ ಅಂದರೆ ಉಸಿರಿರುವ ತನಕ. 14 ವರ್ಷ ಅನ್ನುವುದು ಮರಣದಂಡನೆಯೂ ಆಗಬಹುದಾದಂಥ ಅಪರಾಧಗಳಲ್ಲಿ ಸರ್ಕಾರ ಮಾಫಿ ಕೊಡುವ ಮೊದಲು ಕಳೆಯಲೇಬೇಕಾದ ಕನಿಷ್ಠ ಅವಧಿ, ಬಿಎನ್‌ಎಸ್‌ಎಸ್ 475. 2008ರ ಸ್ವಾಮಿ ಶ್ರದ್ಧಾನಂದ ಪ್ರಕರಣ, ಅದೂ ಬೆಂಗಳೂರಿನದೇ, ಮಾಫಿ ಇಲ್ಲದ ಜೀವಾವಧಿಗೆ ದಾರಿ ಮಾಡಿತು.

ಬಿದ್ರಿ ಹೂಜಿ

ಹುಡುಗನಿಗೆ ಒಂದು ವರ್ಷ ಸಜೆ ಆಯ್ತು ಅಂತಿಟ್ಟುಕೊಳ್ಳಿ. ಅದೇ ದಿನ ಏನು ಮಾಡಬೇಕು?

ಶಹಾಬಾದ್ ಕಲ್ಲು

ತೀರ್ಪಿನ ಪ್ರತಿ ಪುಕ್ಕಟೆ ಕೊಡ್ತಾರ, ಅಲ್ಲೇ ಇಸ್ಕೊಳ್ರಿ. ಜಾಮೀನಿನ ಮ್ಯಾಲ ಇದ್ದವನಾದ್ರ, ಸಜೆ ಮೂರು ವರ್ಷದೊಳಗ ಇದ್ರ, ಶಿಕ್ಷೆ ಕೊಟ್ಟ ಕೋರ್ಟೇ ಬಿಎನ್‌ಎಸ್‌ಎಸ್ 430(3)ರ ಕೆಳಗ ಅಪೀಲು ಹಾಕೋ ತನಕ ಬಿಡಬಹುದು. ಅರ್ಜಿ, ಜಾಮೀನುದಾರ, ಅವನ ಪಹಣಿ ಮೂರೂ ಬೆಳಿಗ್ಗೇನೇ ಕೋರ್ಟಿನ ಹಾಲಿನಾಗ ಇರಬೇಕು. ಸಂಜಿ ಐದರ ಮ್ಯಾಲ ಜಾಮೀನುದಾರನ್ನ ಹುಡುಕ್ಲಿಕ್ಕ ಹೋದ್ರ ಹುಡುಗ ಜೈಲಿಗಿ ಹೋಗಿರ್ತಾನ. ಸೆಷನ್ಸ್ ಕೋರ್ಟಿಗಿ ಅಪೀಲು 30 ದಿನ. ಸೆಷನ್ಸ್‌ನಿಂದ ಕಲಬುರಗಿ ಹೈಕೋರ್ಟ್ ಪೀಠಕ್ಕಾದ್ರ 60 ದಿನ. ದೃಢೀಕೃತ ಪ್ರತಿ ತಯಾರಾಗ್ಲಿಕ್ಕ ಹಿಡಿದ ದಿನಗಳನ್ನ ಅದರಾಗ ಕಳೀತಾರ, ಅದಕ್ಕ ಪ್ರತಿಯ ಹಿಂದಿನ ಮುದ್ರೆದಾಗ ಅರ್ಜಿ ಕೊಟ್ಟ ತಾರೀಕು, ತಯಾರಾದ ತಾರೀಕು ಸರಿಯಾಗಿ ಬಿದ್ದಾವೋ ಇಲ್ಲೋ ನೋಡಿ ಇಸ್ಕೊಳ್ರಿ.